ಇಂಟರ್‌ವಲ್ ಹರಟೆ: ಬಾಯಿ ಬಿಟ್ಟರೆ ಬಣ್ಣಗೇಡು!

ಈ ವಾರ ಗಾಂಧಿನಗರದ ಗುಸುಗುಸು ಇಲ್ಲ, ಓದುಗ ಮಿತ್ರರೇ. ಯಾವ ನಾಯಕಿ ಯಾವ ನಿರ್ಮಾಪಕರ ಮೇಲೆ ಮುನಿಸಿಕೊಂಡಿದ್ದಾರೆ, ಯಾರ ಮುಹೂರ್ತದಲ್ಲಿ ಒಡೆದ ತೆಂಗಿನಕಾಯಿ ಕೊಳೆತಿತ್ತು... ಎಲ್ಲ ಇದೆ. ಎರಡು ಪುಟಕ್ಕಾಗುವಷ್ಟಿದೆ! ಮುಂದಿನ ವಾರಕ್ಕೆ ಎತ್ತಿಟ್ಟಿದ್ದೇನೆ, ಕೆಡುವ ಮಾಲಲ್ಲ ಅದು. ಈ ವಾರ ಒಂದು ಕಾಗದಕ್ಕೆ ಉತ್ತರ ಬರೆಯಬೇಕಾಗಿದೆ.

ಬರೆದವರು ಒಬ್ಬ ಹೆಣ್ಣುಮಗಳು. ಹೆಸರು, ಊರು ಹೇಳೋದಿಲ್ಲ. ಯಾಕೆಂದರೆ ಅವರ ಯಜಮಾನರು ಬಸ್ ಡ್ರೈವರ್, ಅದೂ ರಾತ್ರಿ ಸರ್ವೀಸು. ನೀವು ಈಗ ತಾನೇ ಬಸ್ ಸ್ಟ್ಯಾಂಡಿನಲ್ಲಿ ಈ ಪತ್ರಿಕೆ ಕೊಂಡು, ಕಿಟಕಿ ಪಕ್ಕದ ಸೀಟು ಹಿಡಿದು, ಕಡಲೆಕಾಯಿ ಪೊಟ್ಟಣ ಬಿಚ್ಚಿ ಓದುತ್ತಾ ಕೂತಿದ್ದೀರಿ ಅಂತಿಟ್ಟುಕೊಳ್ಳಿ. ಮುಂದೆ ಸ್ಟಿಯರಿಂಗ್ ಹಿಡಿದು ಕೂತವರೇ ಆ ಯಜಮಾನರಾಗಿರಬಹುದು!

ವಿಷಯ ಇಷ್ಟು. ಯಜಮಾನರಿಗೆ ನಿದ್ದೆಯಲ್ಲಿ ಉಸಿರು ಕಟ್ಟುವ ಕಾಯಿಲೆ. ಸ್ಲೀಪ್ ಆಪ್ನಿಯಾ ಅಂತಾರೆ. ಘಾಟಿ ಇಳಿಯುವಾಗ ಒಂದು ಸಲ ಕಣ್ಣು ಮುಚ್ಚಿಹೋಗಿ, ಕಂಡಕ್ಟರು ಕೂಗಿಕೊಂಡದ್ದರಿಂದ ಎಲ್ಲರೂ ಉಳಿದರಂತೆ. ಆಮೇಲೆ ಪರೀಕ್ಷೆ ಮಾಡಿಸಿ, ಸಾಲ ಮಾಡಿ ಗಾಳಿ ಮೆಶಿನ್ನು ತಂದರು. ಎರಡು ತಿಂಗಳಾಯ್ತು. ನಿದ್ದೆ ಹತ್ತಿದ ಕೂಡಲೇ ಅವರ ಬಾಯಿ ತೆರೆದುಕೊಳ್ಳುತ್ತದೆ, ಮೂಗಿಗೆ ಬಿಟ್ಟ ಗಾಳಿ ಪುಸ್ಸೆಂದು ಬಾಯಿಂದ ಆಚೆ. ಬೆಳಿಗ್ಗೆ ನಾಲಿಗೆ ತೆಂಗಿನ ನಾರು. “ಇದು ನಂಗಾಗಲ್ಲ, ವಾಪಸ್ ಕೊಟ್ಬಿಡ್ತೀನಿ” ಅಂತ ಯಜಮಾನರ ಹಟ. ಹಿಂದೊಮ್ಮೆ ಇದೇ ಹರಟೆಯಲ್ಲಿ ನಾನು ನನ್ನ ಮೆಶಿನ್ನಿನ ಬಗ್ಗೆ ತಮಾಷೆ ಮಾಡಿದ್ದು ನೆನಪಿಟ್ಟುಕೊಂಡು ಈ ತಂಗಿ ಕೇಳುತ್ತಾರೆ: ‘ಅಣ್ಣಾ, ಬಾಯಿಗೆ ಪ್ಲಾಸ್ಟರ್ ಅಂಟಿಸಿದರೆ ಸರಿಹೋಗುತ್ತೆ ಅಂತ ಯಾರೋ ಹೇಳಿದರು. ಒಂದು ಸುರುಳಿ ತಂದಿಟ್ಟಿದ್ದೇನೆ. ಹಾಕಲಾ?’

ಹಾಕಬೇಡಿ ತಂಗಿ! ಮೊದಲು ಇದನ್ನು ಪೂರಾ ಓದಿ.

ನಾನು ಡಾಕ್ಟರಲ್ಲ. ಡಾಕ್ಟರ್ ಪಾತ್ರ ಮಾಡಿದವರನ್ನು ಸಂದರ್ಶನ ಮಾಡಿದವನು, ಅಷ್ಟೆ. ಆದರೆ ಈ ರೋಗದಲ್ಲಿ ನನಗೆ ಸ್ವಂತ ಅನುಭವ ಧಾರಾಳವಾಗಿದೆ. ಪ್ರಿವ್ಯೂ ಷೋಗಳಲ್ಲಿ ಟೈಟಲ್ ಮುಗಿಯುವಷ್ಟರಲ್ಲಿ ನಾನು ನಿದ್ದೆ. ಎಷ್ಟೋ ಒಳ್ಳೆಯ ಚಿತ್ರಗಳ ಮೊದಲರ್ಧವನ್ನು ಪಕ್ಕದ ಸೀಟಿನವರನ್ನು ಕೇಳಿಕೊಂಡು ಬರೆದಿದ್ದೇನೆ (ಆ ನಿರ್ದೇಶಕರು ಕ್ಷಮಿಸಬೇಕು). ಒಬ್ಬರಂತೂ ಇಂಟರ್‌ವಲ್‌ನಲ್ಲಿ ಬಂದು, “ನಿಮ್ಮ ಗೊರಕೆ ನಮ್ಮ ರೀರೆಕಾರ್ಡಿಂಗ್‌ಗಿಂತ ಚೆನ್ನಾಗಿದೆ ಸಾರ್” ಎಂದರು. ನಕ್ಕೆ. ಒಂದು ದಿನ ಸಿಗ್ನಲ್‌ನಲ್ಲಿ ಸ್ಕೂಟರ್ ಮೇಲೆ ಕೂತೇ ತೂಕಡಿಸಿ ಕಾಲು ಜಾರಿದಾಗ ನಗು ಬರಲಿಲ್ಲ.

ಆಸ್ಪತ್ರೆಯಲ್ಲಿ ಒಂದು ರಾತ್ರಿ ಮೈತುಂಬ ವೈರು ಸಿಕ್ಕಿಸಿ ಮಲಗಿಸಿದರು. ಬೆಳಿಗ್ಗೆ ಲೆಕ್ಕ ಬಂತು. ಗಂಟೆಗೆ 41! ಅಂದರೆ ಒಂದು ಗಂಟೆಯೊಳಗೆ 41 ಸಲ ನನ್ನ ಉಸಿರು ಪೂರ್ತಿ ನಿಂತಿತ್ತು ಅಥವಾ ಅರೆಬರೆಯಾಗಿತ್ತು. ಒಂದೊಂದು ಸಲಕ್ಕೂ ಕಡಿಮೆಯೆಂದರೆ 10 ಸೆಕೆಂಡು. 5ರ ಒಳಗಿದ್ದರೆ ಸರಿ, 30 ದಾಟಿದರೆ ತೀವ್ರ ಎಂದು ಲೆಕ್ಕವಂತೆ. ನಿದ್ದೆಯಲ್ಲಿ ಗಂಟಲಿನ ಮಾಂಸ ಸಡಿಲವಾಗಿ ಉಸಿರಿನ ದಾರಿಗೆ ಅಡ್ಡ ಬೀಳುತ್ತೆ, ಮಿದುಳು ಗಾಬರಿಬಿದ್ದು ಎಬ್ಬಿಸುತ್ತೆ, ಮತ್ತೆ ನಿದ್ದೆ, ಮತ್ತೆ ಅಡ್ಡ. ಮಲಗಿದವನಿಗೆ ಇದೊಂದೂ ಗೊತ್ತಾಗೋದಿಲ್ಲ. ಹಗಲು ತೂಕಡಿಕೆ, ಬಿ.ಪಿ., ಹೃದಯಕ್ಕೆ ಹೊರೆ... ಇವು ಮಾತ್ರ ಗೊತ್ತಾಗುತ್ತವೆ.

ಸಿನಿಮಾದವರಿಗೆ ಈ ಕಾಯಿಲೆಯ ಹೆಸರು ಸರಿಯಾಗಿ ಕಿವಿಗೆ ಬಿದ್ದದ್ದು 2022ರಲ್ಲಿ. ಆ ವರ್ಷ ಫೆಬ್ರವರಿ 15ರ ರಾತ್ರಿ ಮುಂಬಯಿಯಲ್ಲಿ ಬಪ್ಪಿ ಲಾಹಿರಿ ತೀರಿಕೊಂಡರು, 69 ವರ್ಷ. ಕಾರಣ ಇದೇ ಕಾಯಿಲೆ ಎಂದರು ಚಿಕಿತ್ಸೆ ಮಾಡಿದ ಡಾಕ್ಟರು. ನಮ್ಮ ದ್ವಾರಕೀಶ್ ಅವರ ‘ಆಫ್ರಿಕಾದಲ್ಲಿ ಶೀಲಾ’ (1986) ಚಿತ್ರಕ್ಕೆ ಸಂಗೀತ ಕೊಟ್ಟ ಅದೇ ಬಪ್ಪಿ. ದೇಶವನ್ನೇ ಕುಣಿಸಿದ ಮನುಷ್ಯ... ಆ ಸುದ್ದಿ ಓದಿದ ರಾತ್ರಿ ನಾನು ಮೆಶಿನ್ನಿನ ಮಾಸ್ಕನ್ನು ಎರಡು ಸಲ ಬಿಗಿ ಮಾಡಿಕೊಂಡೆ. ಹಾಲಿವುಡ್ಡಿನ ಕ್ಯಾರಿ ಫಿಶರ್ 2016ರ ಡಿಸೆಂಬರಿನಲ್ಲಿ ತೀರಿಕೊಂಡಾಗಲೂ, ಮುಂದಿನ ವರ್ಷ ಬಂದ ವರದಿಯಲ್ಲಿ ಬೇರೆ ಕಾರಣಗಳ ಜೊತೆ ಈ ಹೆಸರಿತ್ತು.

ಇನ್ನು ಮೆಶಿನ್ನು. ಇದನ್ನು ಕಂಡುಹಿಡಿದವರು ಆಸ್ಟ್ರೇಲಿಯದ ಸಿಡ್ನಿಯಲ್ಲಿ ಕಾಲಿನ್ ಸಲಿವನ್ ಎಂಬ ಡಾಕ್ಟರು, 1980ರಲ್ಲಿ. ಅದಕ್ಕೆ ಮುಂಚೆ ರೋಗ ಜೋರಾಗಿದ್ದವರಿಗೆ ಕುತ್ತಿಗೆಯಲ್ಲಿ ತೂತು ಕೊರೆದು ಉಸಿರಿಗೆ ದಾರಿ ಮಾಡುತ್ತಿದ್ದರು! ಈ ಮಹಾನುಭಾವರು ವ್ಯಾಕ್ಯೂಮ್ ಕ್ಲೀನರ್ ಮೋಟಾರನ್ನು ತಿರುಗುಮುರುಗು ಮಾಡಿ, ಎಳೆಯೋ ಬದಲು ಊದುವಂತೆ ಮಾಡಿ, ಮೂಗಿಗೆ ಕೊಳವೆ ಜೋಡಿಸಿದರು. ಹೋಗುವ ಗಾಳಿಯೇ ಒಳಗಿನಿಂದ ಗಂಟಲನ್ನು ಅಗಲಿಸಿ ಹಿಡಿಯುತ್ತದೆ, ಡೇರೆಗೆ ಕಂಬ ನಿಲ್ಲಿಸಿದ ಹಾಗೆ. ನನ್ನ ಮೆಶಿನ್ನಿನ ಒತ್ತಡ 11 ಸೆಂಟಿಮೀಟರ್ ನೀರು. ಸೀಸೆಯಲ್ಲಿ 11 ಸೆಂಟಿಮೀಟರ್ ಎತ್ತರಕ್ಕೆ ನೀರು ನಿಲ್ಲಿಸಿದರೆ ತಳಕ್ಕೆ ಎಷ್ಟು ಒತ್ತಡವೋ ಅಷ್ಟೇ. ದೊಡ್ಡದೇನಲ್ಲ. ಆದರೆ ಅಷ್ಟು ಒತ್ತಡ ಗಂಟಲಲ್ಲಿ ನಿಲ್ಲಬೇಕಾದರೆ ಬಾಯಿ ಮುಚ್ಚಿರಬೇಕು. ಬಾಯಿ ತೆರೆದರೆ ಗಾಳಿ ಸುಲಭದ ದಾರಿ ಹಿಡಿದು ಆಚೆ ಹೋಗುತ್ತೆ, ಗಂಟಲು ಮತ್ತೆ ಮುಚ್ಚುತ್ತೆ. ಡೇರೆ ಕುಸಿಯಿತು!

ನಮ್ಮನೆಯಲ್ಲಿ ಆದದ್ದೂ ಇದೇ. ಮೊದಲ ವಾರ ಸ್ವರ್ಗ. ಎರಡನೇ ವಾರದಿಂದ ಮಧ್ಯರಾತ್ರಿ ಕುಕ್ಕರಿನ ಗ್ಯಾಸ್ಕೆಟ್ ಹೋದ ಹಾಗೆ ಸದ್ದು. ಗೊರಕೆಗೆ 35 ವರ್ಷ ಒಗ್ಗಿಹೋಗಿದ್ದ ನಮ್ಮಾಕೆ ಈ ಹೊಸ ಸದ್ದಿಗೆ ಒಗ್ಗಲಿಲ್ಲ. “ರೀ, ಆ ಹಳೇ ಗೊರಕೇನೇ ವಾಸಿ ಇತ್ತು” ಅಂತ ದಿಂಬು ಎತ್ತಿಕೊಂಡು ಹಾಲ್‌ಗೆ ಹೋದಳು. ಮಗಳು ಮೆಶಿನ್ನಿನ ಲೆಕ್ಕವನ್ನು ಫೋನಿನಲ್ಲಿ ನೋಡಿ, “ಅಪ್ಪಾ, ಸೋರಿಕೆ ನಿಮಿಷಕ್ಕೆ 38 ಲೀಟರ್ ತೋರಿಸ್ತಿದೆ, 24 ದಾಟಬಾರದಂತೆ” ಎಂದಳು. (ಈ 24 ನನ್ನ ಮೆಶಿನ್ನು ಮಾಡಿದ ಕಂಪನಿಯ ಲೆಕ್ಕ. ಎಲ್ಲ ಕಂಪನಿಯದೂ ಒಂದೇ ಅಲ್ಲ, ನಿಮ್ಮದರ ಪುಸ್ತಕ ನೋಡಿ.)

ಎಲ್ಲಿ ಸೋರುತ್ತಿದೆ? ಮಾಸ್ಕಿನ ಅಂಚಿನಲ್ಲೋ, ಬಾಯಲ್ಲೋ? ಅದನ್ನು ಕಂಡುಹಿಡಿದವನು ನನ್ನ ಹಳೆಯ ಸ್ನೇಹಿತ, ಸೌಂಡ್ ರೆಕಾರ್ಡಿಸ್ಟು. ಡಬ್ಬಿಂಗ್ ಥಿಯೇಟರಿನಲ್ಲಿ ಕಲಾವಿದರ ತುಟಿ ನೋಡಿ ನೋಡಿ ತಲೆ ಹಣ್ಣಾದವನು. ಒಂದು ರಾತ್ರಿಯ ಸದ್ದನ್ನು ಫೋನಿನಲ್ಲಿ ಹಿಡಿದು ಕೊಟ್ಟೆ. ಹೆಡ್‌ಫೋನ್ ಹಾಕಿಕೊಂಡು ಕಣ್ಣು ಮುಚ್ಚಿ ಕೇಳಿದ.

“ನೋಡು, ಈ ಒಂದೇ ಸಮನೆ ಸುಯ್ ಅನ್ನೋದು ಮಾಸ್ಕಿನ ಮುಂದಿನ ತೂತು. ಅದು ಇರ್ಬೇಕಾದ್ದೇ. ಆ ಕೀಚ್ ಅನ್ನೋದು ಮಾಸ್ಕಿನ ಅಂಚು, ನೀನು ಮಗ್ಗುಲಾದಾಗ ಬರುತ್ತೆ, ಹೋಗುತ್ತೆ. ಇದು ಕೇಳು... ಪುಫ್, ಪುರ್... ಉಸಿರು ಬಿಡುವಾಗ ಕೆನ್ನೆ ಉಬ್ಬಿ ತುಟಿಯಿಂದ ಬರ್ತಿದೆ. ಇದು ಬಾಯಿ ಕಣಯ್ಯಾ!”

ಆ ಮುಂದಿನ ತೂತಿನ ಬಗ್ಗೆ ಎಚ್ಚರ. ನಾವು ಬಿಟ್ಟ ಕೆಟ್ಟ ಗಾಳಿ ಆಚೆ ಹೋಗಲೆಂದೇ ಅದನ್ನು ಇಟ್ಟಿರುತ್ತಾರೆ. ಸೋರುತ್ತಿದೆ ಅಂತ ಅದನ್ನು ಮುಚ್ಚಿದ ಬುದ್ಧಿವಂತರೂ ಇದ್ದಾರೆ. ದೇವರು ಕಾಪಾಡಲಿ!

ಹೆಡ್‌ಫೋನ್ ತೆಗೆದ ಮೇಲೆ ನನ್ನ ಸ್ನೇಹಿತ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, “ನಂದೂ ಇದೇ ಸದ್ದು” ಎಂದ. ಅವನಿಗೂ ಇದೇ ಕಾಯಿಲೆ ಇದ್ದದ್ದು, ಮೆಶಿನ್ನನ್ನು ಎರಡು ವರ್ಷದ ಹಿಂದೆಯೇ ಅಟ್ಟಕ್ಕೆ ಏರಿಸಿದ್ದು ನನಗೆ ಅವತ್ತೇ ಗೊತ್ತಾದದ್ದು. ಮನೆಯಲ್ಲೂ ಯಾರಿಗೂ ಹೇಳಿರಲಿಲ್ಲ, ಮೆಶಿನ್ ಕೆಟ್ಟಿದೆ, ರಿಪೇರಿಗೆ ಕೊಟ್ಟಿದ್ದೀನಿ ಅಂತ ಸುಳ್ಳು. ಊರೆಲ್ಲರ ಬಾಯಿಯ ಸದ್ದು ಸರಿಮಾಡಿದವನಿಗೆ ತನ್ನ ಬಾಯಿಯ ಸದ್ದು ಹೇಳಿಕೊಳ್ಳೋಕೆ ನಾಚಿಕೆ! ಎಷ್ಟು ಮನೆಯ ಅಟ್ಟದಲ್ಲಿ ಹೀಗೆ ನಲವತ್ತು ಸಾವಿರದ ಮೆಶಿನ್ನು ಹಳೇ ಮಿಕ್ಸಿ ಪಕ್ಕ ಕೂತಿದೆಯೋ.

ಈಗ ನನ್ನ ಪರಾಕ್ರಮ ಕೇಳಿ.

ಬಾಯಿ ತೆರೆಯುತ್ತೆ ತಾನೇ, ಕಟ್ಟಿಬಿಟ್ಟರಾಯ್ತು ಎಂದುಕೊಂಡೆ. ಹಳೆಯ ಬಿಳಿ ಪಂಚೆಯಿಂದ ನಾಲ್ಕು ಬೆರಳಗಲ ಬಟ್ಟೆ ಹರಿದು, ಗದ್ದದ ಕೆಳಗಿಂದ ತಂದು ನೆತ್ತಿಯ ಮೇಲೆ ಗಂಟು ಹಾಕಿದೆ. ಮೇಲೆ ಮಾಸ್ಕು. ಕನ್ನಡಿ ನೋಡಿಕೊಳ್ಳಲಿಲ್ಲ, ಮಲಗಿದೆ. ರಾತ್ರಿ ಎರಡು ಗಂಟೆಯ ಹೊತ್ತಿಗೆ ನೀರು ಕುಡಿಯಲು ಎದ್ದ ನಮ್ಮಾಕೆ, ಸದ್ದು ಯಾಕೋ ಇಲ್ಲವಲ್ಲ ಎಂದು ಬಾಗಿಲು ತೆಗೆದು ದೀಪ ಹಾಕಿದ್ದಾಳೆ.

ಚೀರಿದ್ದು ಪಕ್ಕದ ಮನೆಗೂ ಕೇಳಿಸಿತು.

ನಾನು ಎದ್ದು ಕೂತೆ. ಅವಳು ಬಾಗಿಲ ಚೌಕಟ್ಟು ಹಿಡಿದು ನಡುಗುತ್ತಿದ್ದಳು. ನಮ್ಮಲ್ಲಿ ದವಡೆಗೆ ಬಿಳಿ ಬಟ್ಟೆ ಕಟ್ಟೋದು ಯಾವಾಗ ಅಂತ ನಿಮಗೆ ನಾನು ಹೇಳಬೇಕೆ? ಅವಳ ಅಪ್ಪನಿಗೆ ಹಾಗೆ ಕಟ್ಟಿದ್ದನ್ನು ಹದಿನಾಲ್ಕನೇ ವಯಸ್ಸಿನಲ್ಲಿ ಕಣ್ಣಾರೆ ಕಂಡವಳು. “ಕಾಲಿನ ಹೆಬ್ಬೆಟ್ಟು ಕಟ್ಟೋದೊಂದು ಬಾಕಿ ನೋಡಿ” ಎಂದಳು. ಬೈದಳೋ ಅತ್ತಳೋ ಗೊತ್ತಾಗಲಿಲ್ಲ. ಆ ರಾತ್ರಿ ಇಬ್ಬರೂ ಅಡಿಗೆಮನೆಯಲ್ಲಿ ಕಾಫಿ ಮಾಡಿಕೊಂಡು ಕೂತೆವು. ಅವಳು ಮೊದಲ ಸಲ ಹೇಳಿದ್ದು ಅವತ್ತೇ... ಮೆಶಿನ್ನು ಬರುವ ಮುಂಚೆ, ನನ್ನ ಗೊರಕೆ ಇದ್ದಕ್ಕಿದ್ದಂತೆ ನಿಂತಾಗಲೆಲ್ಲ ಅವಳು ಎದ್ದು ಕೂತು, ಮತ್ತೆ ಉಸಿರು ಬರುವವರೆಗೆ ಎಣಿಸುತ್ತಿದ್ದಳಂತೆ. ಒಂದು, ಎರಡು, ಮೂರು... “ಒಂದ್ಸಲ ನಲವತ್ತರವರೆಗೂ ಎಣಿಸಿದ್ದೀನಿ” ಎಂದಳು. ವರ್ಷಗಟ್ಟಲೆ! ನಾನು ಬೆಳಿಗ್ಗೆ ಎದ್ದು, ರಾತ್ರಿ ಚೆನ್ನಾಗಿ ನಿದ್ದೆ ಬಂತು ಅಂತ ಹೇಳುತ್ತಿದ್ದೆ ಕಣ್ರೀ.

ಮಾರನೆಯ ದಿನ ಮಗಳು ನೀಲಿ ಬಣ್ಣದ, ಎಲಾಸ್ಟಿಕ್ಕಿನ ಅಸಲಿ ಗದ್ದದ ಪಟ್ಟಿ ತರಿಸಿಕೊಟ್ಟಳು. ಬಿಳಿ ಬೇಡ ಎಂದು ಅಮ್ಮನ ಕಟ್ಟಪ್ಪಣೆ. ಅದು ದವಡೆಯನ್ನೇನೋ ಎತ್ತಿ ಹಿಡಿಯಿತು. ತುಟಿಯ ಸಂದಿಯಿಂದ ಗಾಳಿ ಬರೋದು ನಿಲ್ಲಲಿಲ್ಲ. ಕೆಲವರಿಗೆ ಪಟ್ಟಿ ಸಾಕಾಗುತ್ತದಂತೆ, ನನಗೆ ಸಾಕಾಗಲಿಲ್ಲ.

ಎರಡನೇ ಪರಾಕ್ರಮವೇ ಪ್ಲಾಸ್ಟರು. ತಂಗಿ, ಇಲ್ಲಿ ಗಮನಿಸಿ.

ಎರಡು ರಾತ್ರಿ ಬಹಳ ಚೆನ್ನಾಗಿತ್ತು. ಸೋರಿಕೆ ಸೊನ್ನೆಗೆ ಹತ್ತಿರ. ನಾನು ಮೀಸೆ ತಿರುವಿದೆ. ಮೂರನೆಯ ರಾತ್ರಿ ನೆಗಡಿ, ಮೂಗು ಅರ್ಧ ಕಟ್ಟಿತ್ತು. ಆದರೂ ಅಂಟಿಸಿಕೊಂಡು ಮಲಗಿದೆ. ಮೂರು ಗಂಟೆಗೆ ಕರೆಂಟು ಹೋಯಿತು! ಮೆಶಿನ್ನು ನಿಂತಿತು. ಮೂಗಿನ ಮಾಸ್ಕು ಹಾಕಿಕೊಂಡವನಿಗೆ ಕರೆಂಟು ಹೋದಾಗ ಕಾಪಾಡೋದು ಬಾಯಿಯೇ. ಆ ಬಾಯಿಗೆ ನಾನೇ ಬೀಗ ಹಾಕಿದ್ದೆ. ಉಳಿದದ್ದು ಕಟ್ಟಿದ ಮೂಗು, ಅದರ ಮುಂದೆ ಮಾಸ್ಕಿನ ಸಣ್ಣ ತೂತು. ಬಾವಿಯಲ್ಲಿ ಮುಳುಗುವ ಕನಸಿನಿಂದ ಎಚ್ಚರವಾಯ್ತು, ಕತ್ತಲೆ, ಏನೂ ತಿಳಿಯದು. ಕೈಗೆ ಸಿಕ್ಕಿದ್ದನ್ನು ಕಿತ್ತೆ. ಪ್ಲಾಸ್ಟರಿನ ಜೊತೆ ಅರ್ಧ ಮೀಸೆಯೂ ಬಂತು. ಬರಲಿ ಬಿಡಿ, ಉಸಿರು ಬಂತಲ್ಲ.

ಡಾಕ್ಟರ ಹತ್ತಿರ ಹೇಳಿದಾಗ ಅವರು ಪೆನ್ನು ಕೆಳಗಿಟ್ಟರು. “ನೀವು ವಾಂತಿ ಮಾಡ್ಕೊಂಡಿದ್ರೆ ಏನ್ಮಾಡ್ತಿದ್ರಿ?” ಎಂದರು. ನನ್ನ ಬಳಿ ಉತ್ತರವಿರಲಿಲ್ಲ. ಕುಡಿದು ಮಲಗಿದವರು, ಹೊಟ್ಟೆ ಕೆಟ್ಟವರು, ಮೂಗು ಕಟ್ಟಿದವರು, ಕೈ ಎತ್ತಿ ಕಿತ್ತುಕೊಳ್ಳಲಾಗದ ಮುದುಕರು, ಇವರಂತೂ ಪ್ಲಾಸ್ಟರಿನ ಹತ್ತಿರ ಹೋಗಕೂಡದು. ಉಳಿದವರೂ ಮೂಗು ತೋರಿಸಿ, ಡಾಕ್ಟರು ಹೂಂ ಎಂದ ಮೇಲೇ.

ಆಮೇಲೆ ಅವರು ಟಾರ್ಚ್ ಹಿಡಿದು ನೋಡಿದ್ದು ಬಾಯನ್ನಲ್ಲ, ಮೂಗನ್ನು! ನನಗೆ ಆಶ್ಚರ್ಯ. ಸೋರೋದು ಕೆಳಗೆ, ನೋಡೋದು ಮೇಲೆ!

“ಬಾಯಿ ಸುಮ್ಸುಮ್ನೆ ತೆರೆಯೋಲ್ಲ ರೀ. ಮೂಗಲ್ಲಿ ಸಾಕಷ್ಟು ಗಾಳಿ ಆಡ್ದೆ ಇದ್ದಾಗ ತೆರೆಯುತ್ತೆ. ನಿಮ್ಮ ಮೂಗಿನ ಒಳಗೆ ಊದಿಕೊಂಡಿದೆ. ಏನು ಹಾಕ್ತಿದ್ದೀರಿ?”

ಹೇಳಿದೆ. ನೆಗಡಿ ಡ್ರಾಪ್ಸು. ಮೆಡಿಕಲ್ ಷಾಪಿನಲ್ಲಿ ಚೀಟಿ ಇಲ್ಲದೆ ಸಿಗುತ್ತದಲ್ಲ, ಎರಡು ತೊಟ್ಟು ಬಿಟ್ಟರೆ ಐದು ನಿಮಿಷದಲ್ಲಿ ಮೂಗು ಹೆದ್ದಾರಿ, ಅದು. ಮೂರು ತಿಂಗಳಿಂದ ದಿನಾ ರಾತ್ರಿ ಹಾಕುತ್ತಿದ್ದೆ. ಡಾಕ್ಟರು ಹಣೆ ಚಚ್ಚಿಕೊಂಡರು. ಆ ಜಾತಿಯ ಡ್ರಾಪ್ಸನ್ನು ಕೆಲವೇ ದಿನ ಹಾಕಬೇಕು. ಹೆಚ್ಚು ದಿನ ಹಾಕಿದರೆ, ಅದರ ಪ್ರಭಾವ ಇಳಿದ ಕೂಡಲೇ ಮೂಗು ಮೊದಲಿಗಿಂತ ಜಾಸ್ತಿ ಕಟ್ಟುತ್ತದೆ. ಕಟ್ಟಿತೆಂದು ಮತ್ತೆ ಹಾಕುತ್ತೇವೆ. ಬಡ್ಡಿ ಸಾಲದ ಹಾಗೆ!

ಇನ್ನೊಂದು ಚಕ್ರವೂ ಇತ್ತು. ಬಾಯಿಂದ ಗಾಳಿ ಸೋರುವಾಗ ಮೂಗಿನಲ್ಲಿ ಒಂದೇ ದಿಕ್ಕಿಗೆ, ಒಳಕ್ಕೆ ಮಾತ್ರ, ಜೋರಾಗಿ ಗಾಳಿ ಓಡುತ್ತದೆ. ಸಾಮಾನ್ಯವಾಗಿ ಬಿಡುವ ಉಸಿರಿನ ಬಿಸಿ, ತೇವ ಮೂಗಿಗೆ ವಾಪಸ್ ಸಿಗುತ್ತೆ. ಇಲ್ಲಿ ಅದು ಬಾಯಿಂದ ಹೋಗಿಬಿಡುತ್ತೆ. ಮೂಗು ಒಣಗುತ್ತೆ, ಒಣಗಿದ್ದಕ್ಕೆ ಊದಿಕೊಳ್ಳುತ್ತೆ, ಊದಿದ್ದಕ್ಕೆ ಬಾಯಿ ಇನ್ನಷ್ಟು ತೆರೆಯುತ್ತೆ. ಸೋರಿಕೆಯಿಂದ ಸೋರಿಕೆ. ನಾನು ಬಾಯಿಗೆ ಬಟ್ಟೆ ಕಟ್ಟಿ, ಪ್ಲಾಸ್ಟರ್ ಹಾಕಿ ಒದ್ದಾಡಿದ್ದೆಲ್ಲ, ಹೀರೋ ಡೈಲಾಗ್ ತಪ್ಪಿದ್ದಕ್ಕೆ ಲೈಟ್‌ಬಾಯ್‌ಗೆ ಬೈದ ಹಾಗಾಯ್ತು.

ಮೆಶಿನ್ನಿಗೆ ನೀರಿನ ತೊಟ್ಟಿಯೊಂದಿತ್ತು. ಗಾಳಿಯನ್ನು ಬೆಚ್ಚಗೆ, ತೇವ ಮಾಡಿ ಕಳಿಸೋದು ಅದರ ಕೆಲಸ. ನಾನದನ್ನು ಮೊದಲ ವಾರ ಬಳಸಿ, ಬೋರ್‌ವೆಲ್ ನೀರು ಹಾಕಿ, ಬಿಳಿ ಪೊರೆ ಕಟ್ಟಿಸಿ, ಬೇಸರವಾಗಿ ಒಣಗಿಸಿ ಇಟ್ಟುಬಿಟ್ಟಿದ್ದೆ. ಮೊದಲ ವಾರ ಸ್ವರ್ಗವಾಗಿದ್ದು ಯಾಕೆ, ಎರಡನೇ ವಾರ ನರಕವಾಗಿದ್ದು ಯಾಕೆ ಅಂತ ಈಗ ತಿಳಿಯಿತೆ? ಡಾಕ್ಟರ ಮುಂದೆ ಇದನ್ನು ಒಪ್ಪಿಕೊಳ್ಳುವಾಗ ನಮ್ಮಾಕೆ ನನ್ನ ಮುಖವನ್ನೇ ನೋಡುತ್ತಿದ್ದಳು.

ಅವರು ಹೇಳಿದ್ದನ್ನು ಮಾಡಿದೆ. ಡ್ರಾಪ್ಸು ಬಿಟ್ಟೆ. ಮೊದಲ ವಾರ ಪ್ರಾಣ ಹೋದಂತಾಯ್ತು, ಸುಳ್ಳು ಹೇಳೋಲ್ಲ. ಅಲರ್ಜಿ ಇತ್ತೆಂದು ಬೇರೆ ಸ್ಪ್ರೇ ಬರೆದುಕೊಟ್ಟರು, ಅದು ಕೂಡಲೇ ಕೆಲಸ ಮಾಡೋದಲ್ಲ, ದಿನಾ ಹೊಡೆದುಕೊಳ್ಳುತ್ತಾ ಹೋದರೆ ನಿಧಾನಕ್ಕೆ ಊತ ಇಳಿಸುತ್ತೆ. ಕುದಿಸಿ ಆರಿಸಿದ ನೀರಿನಲ್ಲಿ ಪ್ಯಾಕೆಟ್ಟಿನ ಉಪ್ಪು ಬೆರೆಸಿ ಸಂಜೆ ಮೂಗು ತೊಳೆಯೋದು. ತೊಟ್ಟಿಗೆ ಡಿಸ್ಟಿಲ್ಡ್ ವಾಟರ್, ದಿನಾ ಹಳೆಯದು ಚೆಲ್ಲಿ ಹೊಸದು. ಡಿಸೆಂಬರ್ ಚಳಿಯಲ್ಲಿ ಕೊಳವೆಯೊಳಗೆ ನೀರು ಕಟ್ಟಿ ಗುಳುಗುಳು ಅಂದಾಗ ಮಗಳು ಕೊಳವೆಗೆ ಉಣ್ಣೆಯ ಹೊದಿಕೆ ಹೊಲಿದಳು. ಮೆಶಿನ್ನಿಗೆ ಸ್ವೆಟರ್! ನೆಲದ ಕಡೆ, ಮಂಚಕ್ಕಿಂತ ಕೆಳಗೆ ಮೆಶಿನ್ನು ಇಟ್ಟರೆ ಆ ನೀರು ಮುಖಕ್ಕೆ ಬರೋದಿಲ್ಲ.

ಬೆನ್ನ ಮೇಲೆ ಮಲಗಿದಾಗ ದವಡೆ ತಾನೇ ಕೆಳಗೆ ಜೋಲುತ್ತೆ, ಹಾಗಾಗಿ ಈಗ ಮಗ್ಗುಲಲ್ಲೇ ಮಲಗುತ್ತೇನೆ. ಒತ್ತಡವನ್ನೂ ಡಾಕ್ಟರು ಲೆಕ್ಕ ನೋಡಿ ಸ್ವಲ್ಪ ಬದಲಿಸಿದರು. ಜಾಸ್ತಿಯಾದರೆ ಬಾಯಿ ತೆರೆಸುತ್ತೆ, ಕಡಿಮೆಯಾದರೆ ಉಸಿರು ಕಟ್ಟಿ, ಅದಕ್ಕೂ ಬಾಯಿ ತೆರೆಯುತ್ತೆ. ನಾವೇ ಗುಂಡಿ ತಿರುಗಿಸುವ ಬಾಬತ್ತಲ್ಲ ಅದು. ರಾತ್ರಿಯ ಒಂದು ಪೆಗ್ಗೂ ಹೋಯಿತು, ಅದು ಗಂಟಲನ್ನೂ ದವಡೆಯನ್ನೂ ಇನ್ನಷ್ಟು ಸಡಿಲ ಮಾಡುತ್ತದಂತೆ. ಪತ್ರಕರ್ತನಿಗೆ ಇದಕ್ಕಿಂತ ಶಿಕ್ಷೆ ಬೇಕೆ?

ಆರು ವಾರದ ಹೊತ್ತಿಗೆ ಸೋರಿಕೆ 38ರಿಂದ 9ಕ್ಕೆ ಬಂತು. ಗಂಟೆಗೆ 41 ಇದ್ದದ್ದು 3. ನಮ್ಮಾಕೆಯ ದಿಂಬು ಹಾಲ್‌ನಿಂದ ವಾಪಸ್ ಬಂತು. ಈಗ ಎಣಿಸುತ್ತೀಯಾ ಅಂತ ಕೇಳಿದೆ. “ಯಾವಾಗಾದ್ರೂ” ಎಂದಳು.

ಎಲ್ಲರ ಕಥೆಯೂ ನನ್ನ ಹಾಗೇ ಮುಗಿಯಬೇಕೆಂದಿಲ್ಲ. ನನ್ನ ರೆಕಾರ್ಡಿಸ್ಟ್ ಸ್ನೇಹಿತನನ್ನೇ ತೆಗೆದುಕೊಳ್ಳಿ. ಅಟ್ಟದಿಂದ ಮೆಶಿನ್ನು ಇಳಿಸಿದ. ಎರಡು ವರ್ಷ ಧೂಳು ತಿಂದದ್ದನ್ನು ಸೀದಾ ಮೂಗಿಗೆ ಹಾಕಿಕೊಳ್ಳಲು ಹೊರಟಿದ್ದ, ತಡೆದು, ಪರೀಕ್ಷೆಗೆ ಕಳಿಸಿ, ಮಾಸ್ಕು ಫಿಲ್ಟರು ಹೊಸದು ಹಾಕಿಸಿದೆ. ಅವನ ಮೂಗಿನ ನಡುಗೋಡೆಯೇ ಸೊಟ್ಟ. ಆಪರೇಷನ್‌ಗೆ ಸದ್ಯ ಒಪ್ಪಲಿಲ್ಲ. ಅವನಿಗೆ ಮೂಗು ಬಾಯಿ ಎರಡನ್ನೂ ಮುಚ್ಚುವ ದೊಡ್ಡ ಮಾಸ್ಕು ಕೊಟ್ಟರು. ಬಾಯಿ ತೆರೆದರೂ ಗಾಳಿ ಮಾಸ್ಕಿನೊಳಗೇ. ಕರೆಂಟು ಹೋದರೆ ಹೊರಗಿನ ಗಾಳಿ ಬರಲು ಒಂದು ಪುಟ್ಟ ಬಾಗಿಲು ತಾನಾಗಿ ತೆರೆದುಕೊಳ್ಳುತ್ತೆ, ಅಂಥ ವ್ಯವಸ್ಥೆ ಅದರಲ್ಲಿದೆ. ನಾನೂ ಅದನ್ನು ಹಾಕಿ ನೋಡಿದ್ದೆ, ಯುದ್ಧವಿಮಾನದ ಪೈಲಟ್ ಹಾಗೆ ಕಂಡೆ. ಆದರೆ ನನ್ನ ಮೀಸೆಯ ಸಂದಿಯಿಂದ ಗಾಳಿ ಕಣ್ಣಿಗೆ ನುಗ್ಗಿತು. ಸಾಮಾನ್ಯವಾಗಿ ಮೂಗಿನ ಮಾಸ್ಕಿನಲ್ಲಿ ಫಲ ಹೆಚ್ಚು, ದೊಡ್ಡದಕ್ಕೆ ಒತ್ತಡ ಜಾಸ್ತಿ ಬೇಕಾದೀತು ಎನ್ನುತ್ತಾರೆ ಡಾಕ್ಟರು. ಆದರೆ ಅಟ್ಟದ ಮೇಲಿನ ಚಿಕ್ಕ ಮಾಸ್ಕಿಗಿಂತ ಮುಖದ ಮೇಲಿನ ದೊಡ್ಡ ಮಾಸ್ಕು ವಾಸಿಯಲ್ಲವೆ! ನಮ್ಮ ಇನ್ನೊಬ್ಬ ಹಿರಿಯ ಪೋಷಕ ನಟರಿಗೆ ತೊಂದರೆ ಇದ್ದದ್ದೇ ಬೇರೆ. ರಾತ್ರಿ ಹಲ್ಲು ಸೆಟ್ ತೆಗೆದಿಟ್ಟರೆ ಕೆನ್ನೆ ಒಳಗೆ ಹೋಗಿ ತುಟಿ ಕೂಡೋದಿಲ್ಲ, ಮಾಸ್ಕೂ ಕೂರೋದಿಲ್ಲ. ಹಲ್ಲಿನ ಡಾಕ್ಟರೂ ಉಸಿರಿನ ಡಾಕ್ಟರೂ ಫೋನಿನಲ್ಲಿ ಮಾತಾಡಿ ಬೇರೆ ಅಳತೆಯ ಮಾಸ್ಕು ಹಾಕಿಸಿದರು.

ಈಗ ನಿಮ್ಮ ಮಾತಿಗೆ ಬರುತ್ತೇನೆ ತಂಗಿ.

ಮೆಶಿನ್ನು ವಾಪಸ್ ಕೊಡಬೇಡಿ. ಯಜಮಾನರ ಮುಂದಿನ ರಜೆ ಯಾವತ್ತು ಅಂತ ನೋಡಿ, ಅವತ್ತೇ ಕಿವಿ ಮೂಗು ಗಂಟಲಿನ ಡಾಕ್ಟರ ಹತ್ತಿರ ಹೋಗಿ. ಬರಿಗೈಯಲ್ಲಿ ಹೋಗಬೇಡಿ. ಒಂದು ರಾತ್ರಿಯ ಸದ್ದನ್ನು ಫೋನಿನಲ್ಲಿ ಹಿಡಿದುಕೊಳ್ಳಿ. ಮೆಶಿನ್ನಿನೊಳಗೆ ಸಣ್ಣ ಕಾರ್ಡಿದ್ದರೆ ಅದನ್ನೂ, ಮಾಸ್ಕನ್ನೂ ಚೀಲಕ್ಕೆ ಹಾಕಿ. ಮೂಗಿಗೆ ಏನೇನು ಹಾಕುತ್ತಾರೆ, ನಿದ್ದೆ ಮಾತ್ರೆ, ಗುಂಡು ಏನಾದರೂ ಉಂಟೆ, ಮುಚ್ಚಿಡದೆ ಹೇಳಿ. ನಾನು ಮುಚ್ಚಿಟ್ಟು ಮೂರು ತಿಂಗಳು ಕಳೆದೆ. ನೀರಿನ ತೊಟ್ಟಿ ಬಳಸುತ್ತಿದ್ದಾರಾ ಅಂತ ಇವತ್ತೇ ತೆಗೆದು ನೋಡಿ. ರಾತ್ರಿ ಡ್ಯೂಟಿಯವರು ಮಲಗೋದು ಹಗಲಲ್ಲಿ, ಎಷ್ಟೋ ದಿನ ಡಿಪೋದ ವಿಶ್ರಾಂತಿ ಕೋಣೆಯಲ್ಲಿ. ಅಲ್ಲಿಗೂ ಮೆಶಿನ್ನು ಒಯ್ಯಬೇಕು. ಜೊತೆಯವರು ನಕ್ಕರೆ ನಗಲಿ, ನನ್ನನ್ನೂ ನಕ್ಕಿದ್ದಾರೆ. ಸರಿಹೋಗುವ ತನಕ ರಾತ್ರಿ ಬಸ್ ಬಿಟ್ಟು ಬೇರೆ ಕೆಲಸ ಕೊಡಿ ಎಂದು ಡಾಕ್ಟರ ಚೀಟಿ ಇಟ್ಟುಕೊಂಡು ಕೇಳೋದು ಹೇಗೆ ಅಂತಲೂ ಯೋಚಿಸಿ. ಅದು ಹೇಳಿದಷ್ಟು ಸುಲಭವಲ್ಲ, ಭತ್ಯೆ ಹೋಗುತ್ತೆ, ಮೇಲಿನವರ ಕಣ್ಣು ಬೀಳುತ್ತೆ, ನನಗೆ ಗೊತ್ತು. ಘಾಟಿಯಲ್ಲಿ ಅವತ್ತು ಕಂಡಕ್ಟರು ಕೂಗಿದರು. ಕಂಡಕ್ಟರಿಗೂ ನಿದ್ದೆ ಬರುತ್ತದಲ್ಲ ತಂಗಿ.

ಆ ಪ್ಲಾಸ್ಟರ್ ಸುರುಳಿಯನ್ನು ಮಕ್ಕಳ ಮಂಡಿ ಗಾಯಕ್ಕೆ ಇಟ್ಟುಕೊಳ್ಳಿ. ಡಾಕ್ಟರು ಏನಂದರು ಅಂತ ಬರೆದು ತಿಳಿಸಿ. ನಮ್ಮಾಕೆಯೂ ಕೇಳುತ್ತಿದ್ದಾಳೆ.